ಸೋಮವಾರ ಹೂಡದ ಗಾಡಿ

ಹೋದ ವಾರ ರಾಮದುರ್ಗದ ಬಸ್ಸಿನ ಕಂಡಕ್ಟರರ ಕೈಯಲ್ಲಿ ನನಗೊಂದು ಚೀಲ ಬಂತು. ಒಳಗೆ ಹಸಿರು ಸೀರೆಯ ತುಂಡಿನಲ್ಲಿ ಸುತ್ತಿದ ಒಂದು ಅಲ್ಯೂಮಿನಿಯಂ ಕೊಳವೆ. ಗೇಣುದ್ದ ಇದೆ. ಒಂದು ತುದಿ ಕಹಳೆಯ ಹಾಗೆ ಅಗಲ, ಇನ್ನೊಂದು ತುದಿಯಲ್ಲಿ ಕಿವಿ ಇಡಲು ಚಪ್ಪಟೆ ಬಿಲ್ಲೆ. ಬಸುರಿಯ ಹೊಟ್ಟೆಯ ಮೇಲಿಟ್ಟು ಕೂಸಿನ ಎದೆಬಡಿತ ಕೇಳುವ ಕೊಳವೆ ಅದು. ಈಗಿನ ದವಾಖಾನೆಗಳಲ್ಲಿ ಅದಕ್ಕೆ ಮಶೀನು ಬಂದಿದೆ, ಇದನ್ನು ಕಂಡವರೇ ಕಡಿಮೆ. ಯಾಕೋ ಮೂಗಿಗೆ ಹಿಡಿದೆ. ಔಷಧದ ವಾಸನೆ ಬರಬೇಕಿತ್ತು. ಬಂದದ್ದು ಗೇರ್ ಎಣ್ಣೆಯ ವಾಸನೆ. ಗಂಧಕದ ಹಾಗೆ ಘಾಟು, ಒಮ್ಮೆ ಹತ್ತಿದರೆ ಬಿಡದ ವಾಸನೆ.

ಒಳಗಿನಿಂದ ಹೆಂಡತಿ ಕೇಳಿದಳು, "ಏನ್ರಿ ಅದು, ಬಾಗಲದಾಗ ಟ್ರ್ಯಾಕ್ಟರ್ ಬಿಚ್ಯಾರೇನು?"

ಬಾಯಿಯವರ ಕೊಳವೆ ಎಂದೆ.

ಅವರು ನಮ್ಮೂರ ನರ್ಸಬಾಯಿ. ಬೈಲಹೊಂಗಲದಿಂದ ಎಂ.ಕೆ. ಹುಬ್ಬಳ್ಳಿಯ ಕಡೆಗೆ ಹೋಗುವ ರಸ್ತೆಯ ಬದಿಯ ಊರು ನಮ್ಮದು. ಬಾಯಿಯವರು ನೌಕರಿಯ ಮೇಲೆ ಬಂದು ನಮ್ಮ ಗೋಡೆಗೆ ಗೋಡೆ ಹಚ್ಚಿದ ಬಾಡಿಗೆ ಮನೆಯಲ್ಲಿ ನಿಂತರು, ರಿಟಾಯರ್ ಆದ ಮೇಲೂ ಅಲ್ಲೇ ಉಳಿದರು. ಸುತ್ತಿನ ಹಳ್ಳಿಗಳಲ್ಲಿ ಅವರ ಕೈಯಲ್ಲಿ ಹುಟ್ಟದವರನ್ನು ಹುಡುಕಬೇಕು. ಅವರಿಗೆ ಮಾತ್ರ ಮಕ್ಕಳಾಗಲಿಲ್ಲ.

ನಮ್ಮ ಮನೆತನದಲ್ಲಿ ಡಿಗ್ರಿ ಕಂಡವನು ನಾನೇ ಮೊದಲು. ಅಪ್ಪ ಕಬ್ಬು ಕಡಿಯುವ ಗ್ಯಾಂಗಿನಲ್ಲಿ ದುಡಿದವನು, ಅವ್ವ ಹೆಬ್ಬೆಟ್ಟು ಒತ್ತುವವಳು. ನಾನು ಪಾಸಾದ ದಿನದಿಂದ ಬಾಯಿಯವರು ನನ್ನ ಹೆಸರು ಬಿಟ್ಟು "ಏ ಬಿ.ಎ." ಎಂದು ಕರೆಯತೊಡಗಿದರು. ಚೇಷ್ಟೆಗೋ ಅಭಿಮಾನಕ್ಕೋ ಗೊತ್ತಿಲ್ಲ. ನಾನು ಅಭಿಮಾನವೆಂದೇ ತಿಳಿದೆ. ಹೊಟ್ಟೆ ಕಟ್ಟಿ ಗಳಿಸಿದ್ದನ್ನು ಓಣಿಯ ತುಂಬ ಕೇಳುವ ಹಾಗೆ ಯಾರಾದರೂ ಕೂಗಿ ಹೇಳುತ್ತಿದ್ದರೆ ಬೇಡ ಎನ್ನುವುದು ಯಾಕೆ?

ಅವರ ಯಜಮಾನರು ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಬೆಳಗಾವಿಯಲ್ಲಿ ಮಿಲ್ಟ್ರಿಯ ಹಳೆ ಸಾಮಾನಿನ ಲಿಲಾವಿನಲ್ಲಿ ಸವಾಲು ಕೂಗಿ ಹಿಡಿದ ಒಂದು ಜರ್ಮನಿ ಮೋಟಾರ್ ಸೈಕಲ್ ಅವರಲ್ಲಿತ್ತು. ನಮ್ಮ ಮಂದಿಗೆ ಎಲ್ಲ ಮೋಟಾರ್ ಸೈಕಲ್ಲೂ ಫಟಫಟಿಯೇ. ಇದೊಂದಕ್ಕೆ ಮಾತ್ರ ಚೈನಿಲ್ಲದ ಗಾಡಿ ಎಂದು ಬೇರೆ ಹೆಸರು. ಹಿಂದಿನ ಗಾಲಿ ತಿರುಗಿಸಲು ಅದಕ್ಕೆ ಚೈನ್ ಇರಲಿಲ್ಲ. ಲಾರಿಗೆ ಇರುವ ಹಾಗೆ ಇಂಜಿನ್ನಿನಿಂದ ಹಿಂದಕ್ಕೆ ಒಂದು ಉಕ್ಕಿನ ಶಾಫ್ಟು, ಶಾಫ್ಟಿನ ಕೊನೆಗೆ ಗಾಲಿಯ ಮಗ್ಗುಲಲ್ಲಿ ಹಲ್ಲಿನ ಚಕ್ರಗಳ ಒಂದು ಗೇರ್ ಡಬ್ಬಿ. ಚೈನಿನ ಕಿರಿಕಿರಿ ಇಲ್ಲದ್ದರಿಂದ ಅದು ಓಣಿಗೆ ಬಂದದ್ದೇ ತಿಳಿಯುತ್ತಿರಲಿಲ್ಲ. ಬಾಯಿಯವರಿಗೆ ಮಾತ್ರ ಒಲೆಯ ಮುಂದೆ ಕುಳಿತಲ್ಲೇ ತಿಳಿಯುತ್ತಿತ್ತು.

ಯಜಮಾನರು ಮುರಗೋಡ ಕಡೆಯ ಒಕ್ಕಲುತನದ ಮನೆಯವರು. ನಮ್ಮಲ್ಲಿ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ, ಅದು ಬಸವಣ್ಣನ ವಾರ. ಮೈ ತೊಳೆದು, ನೀರಿಗೆ ನಡೆಸಿಕೊಂಡು ಹೋಗಿ ಬಂದು, ನೆರಳಿಗೆ ಕಟ್ಟುತ್ತಾರೆ. ಹೊಲ ಅಣ್ಣತಮ್ಮಂದಿರಲ್ಲಿ ಹಂಚಿ ಹರಿದು, ಎತ್ತುಗಳೂ ಹೋದ ಮೇಲೆ, ಇವರು ಆ ಸೋಮವಾರವನ್ನು ತಂದು ಈ ಗಾಡಿಗೆ ಕಟ್ಟಿದರು. ಸೋಮವಾರ ಅದನ್ನು ತೊಳೆಯುವುದು, ಎಣ್ಣೆ ಬಿಡುವುದು, ಬೇವಿನ ಗಿಡದ ನೆರಳಿಗೆ ನೂಕಿ ನಿಲ್ಲಿಸುವುದು ಇಷ್ಟೇ. ಅವತ್ತು ಯಜಮಾನರು ಬಸ್ಸಿನಲ್ಲಿ ಕಾರ್ಖಾನೆಗೆ ಹೋಗುತ್ತಿದ್ದರು. ಕಟ್ಟೆಯ ಮೇಲಿನವರು ನಕ್ಕರೆ, "ವಾರೆಲ್ಲಾ ದುಡದೈತಿ, ಅದಕ್ಕೂ ಒಂದು ದಿನ ಬ್ಯಾಡೇನಪಾ?" ಎನ್ನುತ್ತಿದ್ದರು.

ಒಂದಕ್ಕೆ ಮಾತ್ರ ಮಾಫಿ ಇತ್ತು. ಹೆರಿಗೆ. ಯಾರಿಗಾದರೂ ನೋವು ಬಂದಿದೆ ಎಂದು ಕರೆ ಬಂದರೆ ಸೋಮವಾರವೂ ಗಾಡಿ ಹೊರಡುತ್ತಿತ್ತು. ಕೂಸಿಗೆ ವಾರ ತಿಳಿಯಂಗಿಲ್ಲ ಎನ್ನುವುದು ಯಜಮಾನರ ಮಾತು. ನಾನು ಹೊಟ್ಟೆಯಲ್ಲಿದ್ದಾಗ ಅವ್ವ ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗಿದ್ದಳು. ಮುರಗೋಡ ದಾಟಿ ಹೋಗುವ ಸಣ್ಣ ಹಳ್ಳಿ. ಸೂಲಗಿತ್ತಿಯ ಕೈಯಲ್ಲಿ ಆಗದೆ, ಅಲ್ಲಿಂದ ಯಾರೋ ಬಂದು ಬಾಯಿಯವರ ಬಾಗಿಲು ಬಡಿದಾಗ ಸೋಮವಾರ. ಬೇವಿನ ನೆರಳಿನಲ್ಲಿ ನಿಂತ ಗಾಡಿಯನ್ನು ಹಾಗೇ ಎಬ್ಬಿಸಿಕೊಂಡು ಬಂದರಂತೆ. ನಾನು ಉಡಾಳತನ ಮಾಡಿದಾಗೆಲ್ಲ ಬಾಯಿಯವರು ಅದನ್ನೇ ಎತ್ತುತ್ತಿದ್ದರು. "ನಿನ್ನ ಸಲುವಾಗಿ ಸೋಮವಾರ ಹೂಡೇವಿ ಲೇ ನಾವು. ನೆಪ್ಪಿಟ್ಕೋ."

ಯಜಮಾನರು ಕೆಲಸದಿಂದ ಬಂದು ಚಹಾ ಕೇಳಿ, ಚಹಾ ಬರುವುದರೊಳಗೆ ಕುಳಿತಲ್ಲೇ ತೀರಿಹೋದರು. ಗಾಡಿಯ ಹಿಂದಿನ ಡಬ್ಬಿ ಆಗಲೇ ಕೊರಗುಟ್ಟತೊಡಗಿತ್ತು. ಹೊಸ ಬೇರಿಂಗು, ಎಣ್ಣೆ ಸೀಲು, ಹೊಸ ಹಲ್ಲಿನ ಚಕ್ರದ ಜೋಡಿ ಎಲ್ಲವನ್ನೂ ಕೊಲ್ಲಾಪುರದ ಹಳೆ ಬಜಾರಿನಿಂದ ಒಂದೊಂದಾಗಿ ತಂದು ಬಿಸ್ಕೀಟಿನ ದೊಡ್ಡ ಡಬ್ಬಿಯಲ್ಲಿ ಕೂಡಿಟ್ಟಿದ್ದರು. ಹಾಕುವುದು ಆಗಲಿಲ್ಲ. ಗಾಡಿಯ ಮೇಲೆ ಗೋಣಿತಟ್ಟು ಬಿತ್ತು. ಮಳೆಗಾಲಗಳು ಹೋದವು, ಹಿಂದಿನ ಗಾಲಿ ಜಂಗು ತಿಂದು ಹಿಡಿದುಕೊಂಡಿತು. ನೂಕಿದರೂ ಅಲುಗುತ್ತಿರಲಿಲ್ಲ.

ಆಮೇಲೆ ಮನೆಯ ಮಾಲಕರು ಮನೆ ಕೆಡವಿ ಹೊಸದಾಗಿ ಕಟ್ಟಿಸುವುದಾಗಿ ಹೇಳಿದರು. ಬಾಯಿಯವರ ಕಣ್ಣೂ ಮಂದವಾಗಿತ್ತು. ರಾಮದುರ್ಗದಲ್ಲಿದ್ದ ತಂಗಿಯ ಮನೆಗೆ ಹೋಗುವುದೆಂದಾಯಿತು. ಅದು ಮಾಳಿಗೆಯ ಮೇಲಿನ ಮನೆ, ಗಾಡಿಗೆ ಜಾಗವಿಲ್ಲ. ಹಳೆ ಗಾಡಿ ಕೂಡಿಸುವ ಹುಚ್ಚಿನ ಕೊಲ್ಲಾಪುರ ಕಡೆಯವರೊಬ್ಬರು ಬಂದು ನೋಡಿ, ಮೇ ತಿಂಗಳ ಒಂದು ಮಂಗಳವಾರ ಟ್ರಕ್ ತರುವುದಾಗಿ ಹೇಳಿದರು. "ಗಾಲಿ ಜಾಮ್ ಇದ್ರ ಇರ್ಲಿ ಮೌಶಿ, ನಾಕ ಮಂದಿ ಎತ್ತಿ ಒಗದ್ರಾತು," ಎಂದರು. ಅವರ ಮರಾಠಿಯಲ್ಲಿ ಮೌಶಿ ಎಂದರೆ ಚಿಕ್ಕಮ್ಮ.

ಅವರು ಹೋದ ಮೇಲೆ ಬಾಯಿಯವರು ಗೋಣಿತಟ್ಟು ತೆಗೆದು ಬಹಳ ಹೊತ್ತು ನಿಂತಿದ್ದರು. ನಾನು ಆಗಷ್ಟೇ ಹೈಸ್ಕೂಲಿಗೆ ಮಾಸ್ತರನಾಗಿ ಸೇರಿದ್ದೆ, ಬೇಸಿಗೆಯ ಸೂಟಿ ಇತ್ತು.

"ಏ ಬಿ.ಎ., ಈ ಮನಿಯಿಂದ ಒಬ್ಬರನ್ನ ಹೊತ್ತ ಕಳಿಸೀನಿ. ಇದನ್ನ ಹೊತ್ತ ಕಳಸೂದಿಲ್ಲ. ಇದು ತನ್ನ ಕಾಲ ಮ್ಯಾಲೆ ಹೋಗಬೇಕು."

"ಅವರಿಗೆ ಹೆಂಗಿದ್ರೂ ನಡೀತದಂತ ಬಾಯಾರ. ಒಯ್ದು ಎಲ್ಲಾ ಬಿಚ್ಚೇ ಬಿಚ್ಚತಾರ."

"ಅವರಿಗೆ ನಡೀತೈತಿ. ನನಗ ನಡಿಯಂಗಿಲ್ಲ."

ಆ ವಾರ ಬೇವಿನ ಗಿಡದ ಕೆಳಗೆ ಗೋಣಿತಟ್ಟು ಹಾಸಿ ಇಬ್ಬರೂ ಕುಳಿತೆವು. ನನಗೆ ಇತಿಹಾಸ ಗೊತ್ತು, ನಟ್ಟು ಬಿಚ್ಚುವ ಪಾನಾ ಹಿಡಿಯುವುದು ಗೊತ್ತಿರಲಿಲ್ಲ. ಅವರಿಗೆ ಯಜಮಾನರು ಬಿಚ್ಚುವಾಗ ಬ್ಯಾಟರಿ ಹಿಡಿದು ಗೊತ್ತು, ಅಷ್ಟೇ. ಯಾವುದರ ಹಿಂದೆ ಯಾವುದು ಬರುತ್ತದೆ ಎಂದು ಕಣ್ಣು ಮುಚ್ಚಿ ನೆನೆಸಿಕೊಂಡು ಹೇಳುತ್ತಿದ್ದರು. ಎಷ್ಟೋ ಸಲ ತಪ್ಪುತ್ತಿತ್ತು. ಗಾಲಿ ತೆಗೆದೆವು, ಶಾಫ್ಟು ಬಿಡಿಸಿದೆವು, ಹಿಂದಿನ ಡಬ್ಬಿಯನ್ನು ಕಳಚಿ ಮಗುಚಿದಾಗ ಎಣ್ಣೆ ಇಳಿಯಲಿಲ್ಲ, ಕರೀ ಜೋನಿಬೆಲ್ಲದ ಹಾಗೆ ಜಾರಿತು. ಬಾಯಿಯವರು ಹೆರಿಗೆಯ ಸಾಮಾನು ಇಡುತ್ತಿದ್ದ ಬಿಳಿ ತಟ್ಟೆಯಲ್ಲಿ ಸೀಮೆಎಣ್ಣೆ ಹೊಯ್ದು ಒಂದೊಂದನ್ನೇ ತೊಳೆದರು.

ಅವ್ವ ಗೋಡೆಯ ಆಚೆಯಿಂದ ನೋಡುತ್ತಿದ್ದಳು. "ಬಿ.ಎ. ಓದಿಸಿದ್ದು ಕೈ ಕರ್ರಗ ಮಾಡ್ಕೊಳ್ಳಾಕೇನು ಬಾಯಾರ?"

"ಸುಮ್ನಿರವಾ. ಇವನ್ನ ಹೊರಗ ತಗದಾಗ ನನ್ನ ಕೈನೂ ಏನ್ ಬೆಳ್ಳಗಿರಲಿಲ್ಲ."

ಹಳೆಯ ಬೇರಿಂಗು ಡಬ್ಬಿಯೊಳಗೆ ಹಿಡಿದು ಕುಳಿತಿತ್ತು. ಬಡಿದರೆ ಡಬ್ಬಿ ಒಡೆಯುತ್ತದೆ ಎಂದು ಅವರಿಗೆ ನೆನಪಿತ್ತು. ಬಚ್ಚಲ ಒಲೆಯ ಮೇಲಿನ ಹಂಡೆಯಲ್ಲಿ ನೀರು ಕುದಿಸಿ, ಡಬ್ಬಿಯನ್ನು ಹಗ್ಗ ಕಟ್ಟಿ ಇಳಿಬಿಟ್ಟೆವು. ಅಲ್ಯೂಮಿನಿಯಂ ಕಾಯ್ದು ಹಿಗ್ಗಿದ ಮೇಲೆ ಒಳಗೆ ಟಪ್ಪೆಂದು ಸದ್ದಾಯಿತು. ಬಾಯಿಯವರು ಉಸಿರು ಬಿಟ್ಟು ಮೆಲ್ಲಗೆ "ಬಂತು" ಎಂದರು. ಆ ಒಂದು ಮಾತಿಗಾಗಿ ಎಷ್ಟು ಮನೆಗಳಲ್ಲಿ ಮಂದಿ ಬಾಗಿಲ ಹೊರಗೆ ನಿಂತು ಕಾಯ್ದಿದ್ದರೋ... ಹೊಸ ಬೇರಿಂಗು ಸಲೀಸಾಗಿ ಕೂಡಬೇಕೆಂದರೆ ಅದು ತಣ್ಣಗಿರಬೇಕು. ನಮ್ಮ ಮನೆಯ ಫ್ರಿಜ್ಜಿನಲ್ಲಿ ಹಾಲಿನ ಪಕ್ಕ ಇಟ್ಟೆ. ಎರಡು ದಿನ ಚಹಾದಲ್ಲಿ ಗ್ರೀಸು ನಾರಿತು, ಅವ್ವ ಬೈದಳು, ನಾವು ಕುಡಿದೆವು.

ಶಾಫ್ಟಿನ ಮುಂದಿನ ತುದಿಗೆ ದಪ್ಪ ರಬ್ಬರಿನ ಬಿಲ್ಲೆಯೊಂದು ಬೇಕಿತ್ತು. ಹಳೆಯದು ಪುಡಿಪುಡಿಯಾಗಿತ್ತು. ಬಿಸ್ಕೀಟಿನ ಡಬ್ಬಿಯ ತಳದಲ್ಲಿ ಹೊಸದು ಸಿಕ್ಕಿತು, ಕಾರ್ಖಾನೆಯಲ್ಲಿ ಕಬ್ಬು ಸಾಗಿಸುವ ಪಟ್ಟೆಯ ಹರಕಿನಿಂದ ಯಜಮಾನರೇ ಕೊಯ್ದಿದ್ದು. ತೂತು ಎಲ್ಲಿ ಬೀಳಬೇಕು ಎಂದು ಬಳಪದಲ್ಲಿ ಹಾಕಿದ ಗುರುತು ಇನ್ನೂ ಅಳಿಸಿರಲಿಲ್ಲ. ಬಾಯಿಯವರು ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಒರೆಸದೆ ಹಾಗೇ ಕೊಟ್ಟರು.

ಎಲ್ಲ ಕೂಡಿಸಿದ ಮೇಲೆ ಗಾಲಿ ತಿರುಗಿತು, ಆದರೆ ಬಿಗಿಯಾಗಿ. ಬಾಯಿಯವರು ಒಳಗೆ ಹೋಗಿ ಈ ಕೊಳವೆ ತಂದರು. ಅಗಲದ ತುದಿಯನ್ನು ಗೇರ್ ಡಬ್ಬಿಗೆ ಒತ್ತಿ, ಇನ್ನೊಂದಕ್ಕೆ ಕಿವಿ ಹಚ್ಚಿ, ನನಗೆ ಗಾಲಿ ತಿರುವಲು ಹೇಳಿದರು. ತಲೆ ವಾರೆ ಮಾಡಿ, ಕಣ್ಣು ಮುಚ್ಚಿ ಕೇಳಿದರು.

"ಒಂದು ಕಡೆ ಬಂದಾಗ ಉಸರ ಕಟ್ಟತೈತಿ. ಹಲ್ಲು ಸರಿ ಕೂತಿಲ್ಲ. ಬಿಚ್ಚು."

ಹಲ್ಲಿಗೆ ಹಲ್ಲು ಎಲ್ಲಿ ತಾಗುತ್ತದೆ ಎಂದು ತಿಳಿಯಲು ಬಣ್ಣ ಹಚ್ಚಿ ನೋಡಬೇಕಿತ್ತು. ಬಣ್ಣ ಎಲ್ಲಿಂದ ತರುವುದೆಂದು ಕೇಳಿದೆ. "ನಮ್ಮವರು ನನ್ನ ಡಬ್ಬಿಯಿಂದನ ತಗೊಳ್ತಿದ್ರು. ನಾ ಬೈತಿದ್ದೆ..." ಎಂದು ಎದ್ದು ಹೋದರು. ತಂದದ್ದು ಕುಂಕುಮದ ಡಬ್ಬಿ. ಯಜಮಾನರು ಹೋದ ದಿನದಿಂದ ಅದನ್ನು ತೆರೆದಿರಲಿಲ್ಲ, ಮುಚ್ಚಳ ಬಿಗಿದುಕೊಂಡಿತ್ತು. ನಾನು ತೆಗೆದು ಕೊಟ್ಟೆ. ಎರಡು ಹನಿ ಎಣ್ಣೆಯಲ್ಲಿ ಕಲಸಿ, ನಡುಬೆರಳಿನಿಂದ ಒಂದೊಂದು ಹಲ್ಲಿಗೂ ಹಚ್ಚಿದರು. ನನಗೆ ನೋಡಲಾಗದೆ ಪಾನಾಗಳನ್ನು ಒರೆಸುತ್ತ ಕುಳಿತೆ.

ಕುಂಕುಮ ಒಂದೇ ಅಂಚಿಗೆ ಅಳಿಸಿತ್ತು. ಬಿಸ್ಕೀಟಿನ ಡಬ್ಬಿಯಲ್ಲಿದ್ದ, ಚಕ್ರದ ಸಂದು ತುಂಬುವ ತೆಳ್ಳನೆಯ ಹಿತ್ತಾಳೆ ಬಳೆಗಳಲ್ಲಿ ಒಂದನ್ನು ಹಾಕಿ, ತೆಗೆದು, ಇನ್ನೊಂದನ್ನು ಹಾಕಿ, ಭಾನುವಾರ ಇಳಿಹೊತ್ತಿಗೆ ಹಲ್ಲಿನ ನಡುವೆ ಗುರುತು ಬಿತ್ತು. ಹೊಸ ಎಣ್ಣೆ ಹೊಯ್ದೆವು. ಇಂಜಿನ್ನಿನ ಕೆಲಸವನ್ನು ಬಸ್ ಸ್ಟ್ಯಾಂಡಿನ ಹತ್ತಿರದ ಮೆಕ್ಯಾನಿಕ್ ಮೊದಲೇ ಮಾಡಿಕೊಟ್ಟಿದ್ದ. ನಾಲ್ಕಾರು ಒದೆತಕ್ಕೆ ಅದು ಕೆಮ್ಮಿ, ಹೊಗೆ ಬಿಟ್ಟು, ಎದ್ದಿತು. ಗೇರ್ ಹಾಕಿದೆ. ಸ್ಟ್ಯಾಂಡಿನ ಮೇಲೆ ನಿಂತಲ್ಲೇ ಹಿಂದಿನ ಗಾಲಿ ತಿರುಗತೊಡಗಿತು, ಸದ್ದಿಲ್ಲದೆ.

"ಬರ್ರಿ ಬಾಯಾರ, ಕುಂಡರ್ರಿ. ಒಂದು ಸುತ್ತು ಹೋಗೂಣು."

ಅವರು ತಮ್ಮ ಸೀರೆ ನೋಡಿಕೊಂಡರು, ಎಣ್ಣೆಯ ಕಲೆ ತುಂಬಿತ್ತು. "ಈ ಅವತಾರದಾಗ ನಾ ಯಾವತ್ತೂ ಇದರ ಮ್ಯಾಲೆ ಕುಂತಾಕಿ ಅಲ್ಲ. ನಾಳೆ ಸೋಮವಾರ, ತೊಳದು ನಿಲ್ಲಿಸೂಣು. ಮಂಗಳವಾರ ನೀ ಓಡಿಸು, ನಾ ಹಿಂದ ಕುಂಡರತೇನಿ. ಹಳ್ಳದ ಸೇತುವೆ ತನಕ ಹೋಗಿ, ತಿರುಗಿ ಬಂದು ನಾನ ಅವರ ಕೈಯಾಗ ಕೊಡತೇನಿ." ಹಳ್ಳದ ಸೇತುವೆ ಯಾಕೆಂದು ಕೇಳಲಿಲ್ಲ. ಹೆರಿಗೆ ಮಾಡಿಸಿ ಬರುವಾಗ ಇಬ್ಬರೂ ಅಲ್ಲಿ ಗಾಡಿ ನಿಲ್ಲಿಸಿ ಕೈಕಾಲು ತೊಳೆಯುತ್ತಿದ್ದರೆಂದು ಅವ್ವ ಆಮೇಲೆ ಹೇಳಿದಳು. ಅವತ್ತು ಸಂಜೆ ಅವರು ನಮ್ಮ ಮನೆಗೆ ಒಂದು ಹಸಿರು ಸೀರೆ ತಂದು ಇಸ್ತ್ರಿ ಮಾಡಿಕೊಂಡು ಹೋದರು.

ಸೋಮವಾರ ಮುಂಜಾನೆ ನಾವು ಗಾಡಿ ತೊಳೆಯುತ್ತಿದ್ದಾಗ ಕೊಲ್ಲಾಪುರದವರು ಬಂದು ನಿಂತರು. ಓಣಿ ಸಣ್ಣದು, ಟ್ರಕ್ಕನ್ನು ದೊಡ್ಡ ರಸ್ತೆಯಲ್ಲೇ ಬಿಟ್ಟು ನಡೆದು ಬಂದಿದ್ದರು.

"ನಾಳೆ ಅಂದಿದ್ರಲ್ಲರೀ," ಎಂದೆ.

"ನಾಳೆ ಟ್ರಕ್ ಬ್ಯಾರೆ ಕಡೆ ಹೊಂಟೈತಿ. ಇವತ್ತ ಖಾಲಿ ಸಿಕ್ತು, ಬಂದ್ಯಾ. ಮಾಫ್ ಮಾಡ್ರಿ ಮೌಶಿ." ಅಷ್ಟರಲ್ಲಿ ಅವರ ಕಣ್ಣು ಹಿಂದಿನ ಗಾಲಿಯ ಮೇಲೆ ಬಿತ್ತು. "ಅರೇ, ಇದು ತಿರಗಾಕ ಹತ್ತೈತಿ! ಹಂಗಾದ್ರ ಓಡಿಸಿಕೊಂಡ ಹೋಗೂಣಲ್ಲ."

ಬಾಯಿಯವರು ಕೈಯಲ್ಲಿದ್ದ ಒದ್ದೆ ಅರಿವೆ ಹಿಂಡಿದರು. "ಇವತ್ತ ಸೋಮವಾರ. ಹೂಡಂಗಿಲ್ಲ."

ಅವರಿಗೆ ಅರ್ಥವಾಗಲಿಲ್ಲ. ನಾನು ಬಿಡಿಸಿ ಹೇಳಿದೆ. ಅವರು ನಗಲಿಲ್ಲ, ಅದಕ್ಕೆ ಇವತ್ತಿಗೂ ಅವರ ಮೇಲೆ ನನಗೆ ಗೌರವವಿದೆ. ಆದರೆ ನಿಲ್ಲುವ ಹಾಗೂ ಇರಲಿಲ್ಲ. ಇನ್ನೊಮ್ಮೆ ಬರುವಷ್ಟರಲ್ಲಿ ಮನೆ ಖಾಲಿಯಾಗಬೇಕಿತ್ತು. ಹಾಗಾದರೆ ಎತ್ತಿಕೊಂಡೇ ಒಯ್ಯುತ್ತೇವೆ ಎಂದು ಮಂದಿಯನ್ನು ಕರೆಯಲು ತಿರುಗಿದರು.

"ನಿಂದರ್ರಿ," ಎಂದರು ಬಾಯಿಯವರು. "ಹೂಡಂಗಿಲ್ಲ ಅಂದೆ. ನಡಸಂಗಿಲ್ಲ ಅಂದಿಲ್ಲ."

ಸೋಮವಾರ ಎತ್ತನ್ನು ನೀರಿಗೆ ನಡೆಸಿಕೊಂಡು ಹೋಗುತ್ತಾರಲ್ಲ, ಹಾಗೆ.

ಒಳಗೆ ಹೋದವರು ಹಸಿರು ಸೀರೆ ಉಟ್ಟು ಬಂದರು. ಎಡಗಡೆ ನಿಂತು ಹ್ಯಾಂಡಲ್ ಹಿಡಿದರು, ನಾನು ಹಿಂದಿನಿಂದ ನೂಕಿದೆ. ಬಾಗಿಲು ದಾಟುವಾಗ ಅವ್ವ ಬಂದು ಗಾಲಿಗೆ ಒಂದು ತಂಬಿಗೆ ನೀರು ಹಾಕಿದಳು. ಕಿರಾಣಿ ಅಂಗಡಿಯವರು, ಹಿಟ್ಟಿನ ಗಿರಣಿಯ ಮುಂದೆ ನಿಂತವರು ಎಲ್ಲ ನೋಡುತ್ತಿದ್ದರು. ಅರ್ಧ ದಾರಿಯಲ್ಲಿ ಕೊಲ್ಲಾಪುರದವರೇ ತಡೆಯಲಾರದೆ ಹೇಳಿದರು, "ಮೌಶಿ, ಒಮ್ಮೆ ಚಾಲೂ ಮಾಡ್ತೇನಿ. ನಾಕ ಹೆಜ್ಜಿ ಹಿಂದ ಕುಂತ ಬರ್ರಿ. ನಿಮ್ಮ ಮನಸಿನಾಗ ಅದ ಐತಿ, ಕಾಣತೈತಿ. ಯಾರ ಏನ್ ಅಂತಾರ?"

ಬಾಯಿಯವರು ನಿಂತರು. ಹಿಂದಿನ ಸೀಟಿನ ಮೇಲೆ ಕೈ ಇಟ್ಟರು. ಆ ಸೀಟಿನ ತೊಗಲು ಅವರು ಕುಳಿತು ಕುಳಿತು ಒಂದು ಮಗ್ಗುಲಿಗೆ ತಗ್ಗಾಗಿತ್ತು. ಅಲ್ಲಿ ಬೆರಳು ಆಡಿಸಿದರು. ಹತ್ತುತ್ತಾರೆ ಎಂದೇ ನಾನು ತಿಳಿದೆ. ಹತ್ತಲಿ ಎಂದು ಬೇಡಿಕೊಂಡೆ.

"ಯಾರರ ಹಡಿಯಾಕ ಹತ್ಯಾರೇನು?" ಎಂದರು. ಸಿಟ್ಟಿನಿಂದಲ್ಲ, ನಿಜವಾಗಿ ಕೇಳುವವರ ಹಾಗೆ.

ಕೊಲ್ಲಾಪುರದವರು ತಲೆ ಅಲ್ಲಾಡಿಸಿದರು.

"ಇಲ್ಲಲ್ಲ. ನಡೀರಿ ಮತ್ತ."

ಟ್ರಕ್ಕಿಗೆ ಹಲಗೆ ಹಚ್ಚಿಸಿದರು. ಏರಿಸುವ ಮೊದಲು ಸೆರಗಿನೊಳಗಿನಿಂದ ಕೊಳವೆ ತೆಗೆದು ಡಬ್ಬಿಗೆ ಹಚ್ಚಿ, ಮೆಲ್ಲಗೆ ಮುಂದಕ್ಕೆ ನೂಕಲು ಹೇಳಿದರು. ಕೇಳಿದರು. ಆಮೇಲೆ ನನಗೆ ಕೊಟ್ಟು, ತಾವು ನೂಕಿದರು. ಒಳಗೆ ಹಲ್ಲಿಗೆ ಹಲ್ಲು ಕೂಡುವ ಸದ್ದು, ದೂರದಲ್ಲಿ ಯಾರೋ ಜೋಳ ಹಸನು ಮಾಡುತ್ತಿರುವ ಹಾಗೆ... ಯಾರೂ ಅದನ್ನು ಎತ್ತಲಿಲ್ಲ. ಹಲಗೆಯ ಮೇಲೆ ತನ್ನ ಗಾಲಿಯ ಮೇಲೆಯೇ ಅದು ಏರಿ ಹೋಯಿತು. ಟ್ರಕ್ಕು ಎಂ.ಕೆ. ಹುಬ್ಬಳ್ಳಿಯ ಕಡೆಗೆ ತಿರುಗಿ ಕಾಣದಾದ ಮೇಲೂ ಅವರು ರಸ್ತೆಯಲ್ಲೇ ನಿಂತಿದ್ದರು. ಆಮೇಲೆ, "ಸೀರಿ ಇಸ್ತ್ರಿ ಮಾಡಿದ್ದು ದಂಡ ಆತು ನೋಡು," ಎಂದು ಮನೆಯ ಕಡೆ ತಿರುಗಿದರು.

ಅವರು ರಾಮದುರ್ಗಕ್ಕೆ ಹೋದ ಮೇಲೆ ಆಗಾಗ ಹೋಗಿ ಬರುತ್ತಿದ್ದೆ. ಒಮ್ಮೆ ಕೊಲ್ಲಾಪುರದವರು ಫೋನ್ ಮಾಡಿದ್ದರು. ಹಿಂದಿನ ಡಬ್ಬಿಯ ಎಣ್ಣೆ ಇಳಿಸಿದರೆ ಕೆಂಪಗೆ ಬಂತು, ಯಾವ ಎಣ್ಣೆ ಹಾಕಿದ್ದಿರಿ ಎಂದು ಕೇಳಿದರು. ಗೇರ್ ಎಣ್ಣೆಯೇ ಎಂದೆ, ಕುಂಕುಮದ ಮಾತು ಎತ್ತಲಿಲ್ಲ. ಬಾಯಿಯವರಿಗೆ ಹೇಳಿದೆ. ಕಣ್ಣು ಪೂರಾ ಹೋಗಿತ್ತು, ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು.

"ತೊಳದ್ರೇನು?"

"ಹೂಂ, ಬಾಯಾರ. ತೊಳದು ಹೊಸಾ ಎಣ್ಣಿ ಹಾಕಿದ್ರಂತ."

"ತೊಳೀಲಿ," ಎಂದರು. ಸ್ವಲ್ಪ ಹೊತ್ತಾದ ಮೇಲೆ ಮತ್ತೊಮ್ಮೆ, "ತೊಳೀಲಿ."

ಅವರು ಹೋದ ಸುದ್ದಿ ನನಗೆ ತಿಳಿದದ್ದು ಮಣ್ಣಾದ ಮೇಲೆ. ತಂಗಿಗೆ ನನ್ನ ನಂಬರು ಗೊತ್ತಿರಲಿಲ್ಲ. ಅಕ್ಕಪಕ್ಕದವರು ಹೆಗಲು ಕೊಟ್ಟರಂತೆ. ಸಾಮಾನು ತೆಗೆಯುವಾಗ ಸಿಕ್ಕ ಈ ಕೊಳವೆಯನ್ನು ಬಸ್ಸಿಗೆ ಕೊಟ್ಟು ಕಳಿಸಿದ್ದು ಆ ತಂಗಿಯೇ. ನನ್ನನ್ನು ಈ ಭೂಮಿಗೆ ಇಳಿಸಿದವರನ್ನು ಭೂಮಿಗೆ ಇಳಿಸುವಾಗ ನಾನು ಅಲ್ಲಿರಲಿಲ್ಲ. ಈಗ ಆ ಮನೆಯ ಜಾಗದಲ್ಲಿ ಎರಡಂತಸ್ತಿನ ಕಟ್ಟಡವಿದೆ, ಬೇವಿನ ಗಿಡವೂ ಹೋಯಿತು. ನನ್ನದು ಎಲ್ಲರ ಹಾಗೆ ಚೈನಿರುವ ಗಾಡಿ. ಆದರೂ ಸೋಮವಾರ ಅದನ್ನು ಹೊರಗೆ ತೆಗೆಯುವುದಿಲ್ಲ, ಬಸ್ಸಿನಲ್ಲಿ ಶಾಲೆಗೆ ಹೋಗುತ್ತೇನೆ. ಸ್ಟಾಫ್ ರೂಮಿನಲ್ಲಿ ನಗುತ್ತಾರೆ. ನಗಲಿ.

ಕೊಳವೆಯನ್ನು ಕಿವಿಗೆ ಹಚ್ಚಿ ನೋಡಿದೆ. ಏನೂ ಕೇಳಿಸಲಿಲ್ಲ. ಹಚ್ಚಿ ಕೇಳಲು ಎದುರಿಗೆ ಏನಾದರೂ ಇರಬೇಕಲ್ಲ... ಹೆಂಡತಿ ಬಂದು, ಸುತ್ತಿದ ಹಸಿರು ತುಂಡನ್ನು ಎತ್ತಿ ಮೂಸಿ ಮುಖ ಕಿವುಚಿದಳು.

"ಎಣ್ಣಿ ನಾರತೈತ್ರಿ ಇದು. ತೊಳಿಯಾಕ ಹಾಕ್ಲೇನು?"

ಬೇಡ, ಹಾಗೇ ಇರಲಿ ಎಂದೆ.